ಅಳತೆ ಯಾರ ಕೈಯಲ್ಲಿ

ಡೈಕಿರಿ ಮಾಡುವವರಿಗೆ ತಪ್ಪು ಮುಚ್ಚಿಕೊಳ್ಳಲು ಜಾಗವೇ ಇಲ್ಲ. ಬಿಳಿ ರಮ್ 60 ಮಿ.ಲೀ., ಆಗಷ್ಟೇ ಹಿಂಡಿದ ನಿಂಬೆರಸ 25, ಸಕ್ಕರೆ ನೀರು 20. ಸಕ್ಕರೆ ಎಷ್ಟೋ ನೀರೂ ಅಷ್ಟೇ. ಒಲೆ ಹಚ್ಚುವ ಅಗತ್ಯವಿಲ್ಲ, ಕದಡಿದರೆ ಕರಗುತ್ತದೆ. ನಮ್ಮ ತೆಳುಸಿಪ್ಪೆಯ ನಿಂಬೆಯಾದರೆ ಎರಡು ಹಣ್ಣು ಬೇಕು. ಮೂರನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಸುರಿದು, ಐಸು ತುಂಬಿ, ಬೆರಳು ಮರಗಟ್ಟುವ ತನಕ ಕುಲುಕಿ, ಟೀ ಸೋಸುವ ಜಾಲರಿಯಲ್ಲಿ ಸೋಸಿದರೆ ಮುಗಿಯಿತು. ಹುಳಿ ಒಂದು ಚಮಚ ಮುಂದೆ ಹೋದರೆ ಹಲ್ಲು ಚುಳ್ಳೆನ್ನುತ್ತದೆ. ಸಿಹಿ ಮುಂದೆ ಹೋದರೆ ಅದು ಮಕ್ಕಳ ಶರಬತ್ತು. ಕೋಲಾ, ಸೋಡಾ, ಪುದೀನ ಯಾವುದೂ ಸಹಾಯಕ್ಕೆ ಬರುವುದಿಲ್ಲ. ಬೆಲ್ಲದ ಪಾಕ ಹಾಕಿ ನೋಡಿ ಎಂದು ಮಂಡ್ಯದವಳಾದ ನನಗೆ ಬುದ್ಧಿ ಹೇಳಿದವರಿದ್ದಾರೆ. ಬೆಲ್ಲ ಬಂದ ಕಡೆ ಬೆಲ್ಲದ್ದೇ ದರ್ಬಾರು, ನಿಂಬೆ ಬಾಗಿಲಾಚೆ ನಿಲ್ಲಬೇಕಾಗುತ್ತದೆ. ಬೇಡ.

ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಹಾಗಾಗಿ ಪೆಗ್ ಅಳೆಯುವ ಆ ಸ್ಟೀಲ್ ಬಟ್ಟಲಿನ ಮೇಲೆ ನನಗೆ ನಂಬಿಕೆಯಿಲ್ಲ. ಗಾಜಿನ ಅಳತೆ ಸಿಲಿಂಡರ್ ಇಟ್ಟುಕೊಂಡಿದ್ದೇನೆ. ಕಣ್ಣನ್ನು ದ್ರವದ ಮಟ್ಟಕ್ಕೆ ಇಳಿಸಿ, ಬಾಗಿದ ಮೇಲ್ಮೈಯ ತಳ ಯಾವ ಗೆರೆ ಮುಟ್ಟಿದೆ ಎಂದು ನೋಡಿ ಸುರಿಯುತ್ತೇನೆ. ಐಸಿನ ಕೆಲಸ ತಂಪು ಮಾಡುವುದಷ್ಟೇ ಅಂದುಕೊಂಡವರು ಬಹಳ. ಅದು ಕುಲುಕಾಟದಲ್ಲಿ ಕರಗಿ 25ರಿಂದ 30 ಮಿ.ಲೀ. ನೀರನ್ನೂ ಸೇರಿಸುತ್ತದೆ. ಮದ್ಯ ಇರುವುದರಿಂದ ಮಿಶ್ರಣ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಬಾಟಲಿಯಲ್ಲಿ ಶೇ. 42.8 ಇದ್ದ ಮದ್ಯ ಲೋಟಕ್ಕೆ ಬರುವಷ್ಟರಲ್ಲಿ ಶೇ. 20ರ ಆಸುಪಾಸಿಗೆ ಇಳಿದಿರುತ್ತದೆ. ಕುಡಿದಾಗ ಗಂಟಲು ಸುಡುವುದಿಲ್ಲ. ಸುಡದೇ ಇರುವುದೇ ಅದರ ಸೊಗಸು, ಅದರ ಅಪಾಯವೂ ಅದೇ.

ಶನಿವಾರ ಸಂಜೆ ಒಂದು ಲೋಟ, ಅಲ್ಲಿಗೆ ಬಾಟಲಿ ಬೀರುವಿಗೆ. ನನ್ನ ಮಗಳು ಇದನ್ನು ಸ್ನೇಹಿತೆಯರ ಮುಂದೆ ಹೊಗಳುತ್ತಾಳೆ: "ನಮ್ಮಮ್ಮನ್ನ ನೋಡಿ ಕಲೀಬೇಕು." ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಮುಜುಗರ. ಏನು ಕಲಿಯಬೇಕು? ಮಿತವಾಗಿ ಕುಡಿಯುವುದು ಒಂದು ಸದ್ಗುಣವೇ? ಹೌದಾದರೆ ಅದರ ಪುಣ್ಯ ಯಾರ ಖಾತೆಗೆ ಜಮೆ?

ಮೊದಲು ನನ್ನ ಶಾಸ್ತ್ರದ ಲೆಕ್ಕ ಹೇಳಿಬಿಡುತ್ತೇನೆ. 60 ಮಿ.ಲೀ. ರಮ್ಮಿನಲ್ಲಿ ಶೇ. 42.8ರಂತೆ ಶುದ್ಧ ಮದ್ಯಸಾರ ಸುಮಾರು 25.7 ಮಿ.ಲೀ. ತೂಕಕ್ಕೆ ಇಳಿಸಿದರೆ 20 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಒಂದು ಪಾನವೆಂದು ಎಣಿಸುವುದು 10 ಗ್ರಾಮನ್ನು. ಅಂದರೆ ನನ್ನ 'ಒಂದು' ಲೋಟ ಅವರ ಪುಸ್ತಕದಲ್ಲಿ ಎರಡು. ಅದೇ ಸಂಸ್ಥೆ 2023ರ ಜನವರಿಯಲ್ಲಿ, ಆರೋಗ್ಯಕ್ಕೆ ಏನೂ ಆಗದು ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು ಸಾರಿತು. ಮೊದಲ ಹನಿಯಿಂದಲೇ ಲೆಕ್ಕ ಶುರು. ಇದನ್ನು ಓದಿದಾಗ ನನಗೆ ನೆನಪಾದದ್ದು ಬೌದ್ಧ ಭಿಕ್ಷುಗಳ ನಿಯಮಗ್ರಂಥವಾದ ಪಾಲಿ ವಿನಯಪಿಟಕದ ಒಂದು ಕಥೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬಾಟಲಿಯ ಊರು.

ಈ ಪಾನೀಯದ ಹೆಸರು ಕ್ಯೂಬಾದ ಆಗ್ನೇಯ ತೀರದ ಒಂದು ಹಳ್ಳಿಯದು. ಸಾಂಟಿಯಾಗೊ ನಗರದ ಹತ್ತಿರ, ಸಮುದ್ರಕ್ಕೆ ಅಂಟಿಕೊಂಡು ಡೈಕಿರಿ ಇದೆ. ಹಿಂದೆ ಗುಡ್ಡ, ಗುಡ್ಡದಲ್ಲಿ ಒಂದು ಕಾಲಕ್ಕೆ ಕಬ್ಬಿಣದ ಗಣಿ. 1898ರ ಜೂನ್ 22ರಂದು ಸ್ಪೇನಿನ ವಿರುದ್ಧ ಯುದ್ಧಕ್ಕೆ ಬಂದ ಅಮೆರಿಕದ ಸೈನ್ಯ ಇಳಿದದ್ದೂ ಈ ತೀರದಲ್ಲೇ. ಆ ಗಣಿಯಲ್ಲಿ ಎಂಜಿನಿಯರಾಗಿದ್ದ ಜೆನ್ನಿಂಗ್ಸ್ ಕಾಕ್ಸ್ ಎಂಬ ಅಮೆರಿಕನ್ನನ ಹೆಸರಿಗೆ ಇದರ ಪಾಕವಿಧಾನವನ್ನು ಕಟ್ಟುತ್ತಾರೆ. ಅವನು ಬರೆದಿಟ್ಟನೆನ್ನುವ ಚೀಟಿಯಲ್ಲಿ ಲೆಕ್ಕವೆಲ್ಲ ಆರು ಜನಕ್ಕೆ: ಆರು ನಿಂಬೆ, ಆರು ಚಮಚ ಸಕ್ಕರೆ, ಆರು ಬಟ್ಟಲು ರಮ್, ಜೊತೆಗೆ ಸ್ವಲ್ಪ ನೀರು, ಪುಡಿ ಮಾಡಿದ ಐಸು. ಒಬ್ಬಂಟಿಯಾಗಿ ಕುಡಿಯುವವರಿಗೆ ಬರೆದದ್ದಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ಮುಂದೆ ಹವಾನಾದ ಎಲ್ ಫ್ಲೋರಿಡಿಟಾ ಬಾರಿನಲ್ಲಿ ಇದೇ ಪಾನೀಯ ಲೇಖಕ ಹೆಮಿಂಗ್ವೇ ಕೈಗೆ ಸಿಕ್ಕಿ ಸಕ್ಕರೆ ಕಳೆದುಕೊಂಡಿತು, ರಮ್ ಇಮ್ಮಡಿಯಾಯಿತು. ಅದರ ಕಥೆ ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ.

ಹೆಚ್ಚು ಜನ ಹೇಳದ ಇಸವಿ ಇನ್ನೊಂದು. ಕ್ಯೂಬಾದಲ್ಲಿ ಗುಲಾಮಗಿರಿ ಪೂರ್ತಿ ಕೊನೆಗೊಂಡದ್ದು 1886ರಲ್ಲಿ. ಕಾಕ್ಸ್ ಮತ್ತವನ ಗೆಳೆಯರು ಬಿಸಿಲಿಗೆ ದಣಿದು ತಂಪು ಲೋಟ ಎತ್ತುವ ಹೊತ್ತಿಗೆ ಹನ್ನೆರಡೇ ವರ್ಷ. ಸುತ್ತಮುತ್ತ ಕಬ್ಬು ಕಡಿಯುತ್ತಿದ್ದವರಲ್ಲಿ ಅನೇಕರು ಚಿಕ್ಕಂದಿನಲ್ಲಿ ಇನ್ನೊಬ್ಬರ ಆಸ್ತಿಯಾಗಿದ್ದವರು.

ರಮ್ಮನ್ನು ಹೆಚ್ಚಾಗಿ ಬಟ್ಟಿ ಇಳಿಸುವುದು ಕಾಕಂಬಿಯಿಂದ. ನಮ್ಮೂರಿನ ಆಲೆಮನೆಯಲ್ಲಿ ಕಾಕಂಬಿ ಬರುವುದಿಲ್ಲ. ಗಾಣದಿಂದ ಇಳಿದ ಕಬ್ಬಿನಹಾಲು ಕೊಪ್ಪರಿಗೆಯಲ್ಲಿ ಕುದಿದು, ಇದ್ದಬದ್ದದ್ದೆಲ್ಲ ಬೆಲ್ಲವಾಗಿ ಅಚ್ಚಿಗೆ ಇಳಿಯುತ್ತದೆ. ಸಕ್ಕರೆಯನ್ನು ಹರಳಾಗಿ ಬೇರ್ಪಡಿಸುವ ಕಾರ್ಖಾನೆಯಲ್ಲಿ ಮಾತ್ರ ಆ ಕಪ್ಪು ಅಂಟು ಹಿಂದುಳಿಯುತ್ತದೆ. ಇನ್ನೂ ಒಂದು ವ್ಯತ್ಯಾಸ: ಆಲೆಮನೆಗೆ ಬಂದವರು ಯಾರೇ ಆಗಲಿ, ದಾರಿಹೋಕರಾಗಲಿ, ಸ್ಕೂಲು ಬಿಟ್ಟ ಮಕ್ಕಳಾಗಲಿ, ಹಾಲು ಕೊಡದೆ ಕಳಿಸುವ ಪದ್ಧತಿಯಿರಲಿಲ್ಲ. ನಮ್ಮಪ್ಪ ಲೋಟವನ್ನು ಲೆಕ್ಕ ಇಟ್ಟದ್ದನ್ನು ನಾನು ಕಂಡಿಲ್ಲ. ಕೊಡುವಾಗ ಅಳೆಯಬಾರದು ಎನ್ನುವುದು ಅಲ್ಲಿಯ ಧರ್ಮ.

ನಾನು ಕೊಳ್ಳುವ ಬಿಳಿ ರಮ್ ಬಕಾರ್ಡಿ. ಫಕುಂಡೊ ಬಕಾರ್ಡಿ ಮಾಸೊ ಎಂಬಾತ 1862ರಲ್ಲಿ ಸಾಂಟಿಯಾಗೊದಲ್ಲಿ ಶುರು ಮಾಡಿದ್ದು; ಒರಟು ರಮ್ಮನ್ನು ಇದ್ದಿಲಿನಲ್ಲಿ ಸೋಸಿ ಹಗುರ ಮಾಡಿದ್ದು ಅವನ ಹೆಚ್ಚುಗಾರಿಕೆ. 1960ರಲ್ಲಿ ಕ್ಯಾಸ್ಟ್ರೊ ಸರ್ಕಾರ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು, ಕುಟುಂಬ ದೇಶ ಬಿಟ್ಟಿತು. ಈಗ ಅದರ ಭಾರತದ ಘಟಕ ನಂಜನಗೂಡಿನಲ್ಲಿದೆ. ಮೈಸೂರಿನ ನಮ್ಮ ಮನೆಯಿಂದ ಮುಕ್ಕಾಲು ಗಂಟೆ ದಾರಿ. ವಿಷ ಕುಡಿದ ದೇವರು ನಂಜುಂಡನ ಊರಲ್ಲಿ ರಮ್ಮಿನ ಸೀಸೆ ತುಂಬುತ್ತದೆ. ಇದನ್ನು ತಮಾಷೆಗೆ ಹೇಳಿ ನಕ್ಕವಳೇ ನಾನೂ. ಈಚೆಗೆ ಅಷ್ಟು ನಗು ಬರುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಶಾಸ್ತ್ರಗಳು ಈ ವಿಷಯದಲ್ಲಿ ಒಂದೇ ಮಾತು ಆಡಿದವಲ್ಲ. ಮನುಸ್ಮೃತಿ ಸುರೆಯನ್ನು ಮೂರಾಗಿ ವಿಂಗಡಿಸುತ್ತದೆ: ಹಿಟ್ಟಿನದು, ಮಧುವಿನದು, ಬೆಲ್ಲದ್ದು. ಬೆಲ್ಲದ್ದನ್ನು ಗೌಡೀ ಎನ್ನುತ್ತಾರೆ; ರಮ್ಮಿನ ದೊಡ್ಡಜ್ಜಿ ಅಂದರೆ ಅವಳೇ. ಬ್ರಾಹ್ಮಣ ಕುಡಿದರೆ ಮಹಾಪಾತಕ, ಕುದಿಯುವ ಸುರೆಯನ್ನೇ ಕುಡಿದು ಸಾಯುವುದು ಪ್ರಾಯಶ್ಚಿತ್ತ. ಬೇರೆಯವರ ಮಾತು ಬಂದಾಗ ವ್ಯಾಖ್ಯಾನಕಾರರು ಸಡಿಲವಾಗುತ್ತಾರೆ, ಯಾರಿಗೆ ಯಾವುದು ಸಲ್ಲುತ್ತದೆ ಎಂದು ಪಟ್ಟಿ ಮಾಡುತ್ತಾರೆ. ಪಾಪದ ಗಾತ್ರ ಜಾತಿ ನೋಡಿಕೊಂಡು ಬದಲಾಗುತ್ತದೆ ಎಂದಾದರೆ ಅದು ಸುರೆಯ ಬಗೆಗಿನ ಚಿಂತನೆಯಲ್ಲ, ಜಾತಿಯ ಬಗೆಗಿನದು. ನನಗೆ ಅದರಿಂದ ಹೆಚ್ಚಿನ ಉಪಯೋಗವಾಗಲಿಲ್ಲ.

ಚರಕ ನನ್ನಂಥವರಿಗೆ ಹತ್ತಿರದವನು. ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಮದ್ಯದಿಂದ ಬರುವ ರೋಗಗಳದ್ದು. ಅಲ್ಲಿ ಅವನು ಮದ್ಯವನ್ನು ಬೈಯುವುದಿಲ್ಲ. ಸ್ವಭಾವದಲ್ಲಿ ಅದು ಅನ್ನದಂತೆಯೇ, ಸರಿಯಾದ ವಿಧಾನ, ಪ್ರಮಾಣ, ಕಾಲ, ಜೊತೆಗೆ ಹಿತವಾದ ಊಟ, ತನ್ನ ಬಲ ಇವನ್ನು ನೋಡಿಕೊಂಡು ಕುಡಿದರೆ ಅಮೃತ, ಇಲ್ಲದಿದ್ದರೆ ವಿಷ ಎನ್ನುವ ಧಾಟಿ. ಮದವೇರುವ ಹಂತಗಳನ್ನು ವೈದ್ಯನ ಕಣ್ಣಿನಿಂದ ವಿವರಿಸುತ್ತಾನೆ. ಓದುತ್ತಾ ನನ್ನ ಸಿಲಿಂಡರಿಗೆ ಶಾಸ್ತ್ರದ ಬೆಂಬಲ ಸಿಕ್ಕಿತೆಂದು ಹಿಗ್ಗಿದೆ. ಆದರೆ ಆ ವಿಧಾನ ಏನೇನು ಕೇಳುತ್ತದೆ ನೋಡಿ: ಸ್ನಾನ, ಶುಭ್ರ ಬಟ್ಟೆ, ಗಂಧ, ಹೂವು, ಋತುವಿಗೆ ತಕ್ಕ ತಾಣ, ಚಿನ್ನದ್ದೋ ಬೆಳ್ಳಿಯದ್ದೋ ರತ್ನದ್ದೋ ಪಾತ್ರೆ, ಬಡಿಸಲು ಚೆಲುವೆಯರು, ಮನಸ್ಸಿಗೊಪ್ಪುವ ಗೆಳೆಯರು. ಇಷ್ಟೆಲ್ಲ ಇರುವವನಿಗೆ ಮಿತವಾಗಿರಲು ಏನು ಕಷ್ಟ? ಗದ್ದೆಯಲ್ಲಿ ಹಗಲೆಲ್ಲ ಬಗ್ಗಿ, ಸಂಜೆ ಅಂಗಡಿ ಮುಂದೆ ನಿಂತು, ಹೊಟ್ಟೆಗೆ ಏನೂ ಇಲ್ಲದೆ ಗಟಗಟ ಇಳಿಸುವವನಿಗೆ ಚರಕನ ಅಧ್ಯಾಯದಲ್ಲಿ ರೋಗಿಯ ಜಾಗ ಮಾತ್ರ. ನನ್ನ ಫ್ರಿಜ್ಜು, ಐಸು, ಪಕ್ಕದಲ್ಲಿರುವ ಹುರಿದ ಗೋಡಂಬಿ, ಭಾನುವಾರ ಬೆಳಿಗ್ಗೆ ಎಂಟರ ತನಕ ಮಲಗುವ ಸ್ವಾತಂತ್ರ್ಯ, ತಿಂಗಳು ತಿಂಗಳು ಬರುವ ಪಿಂಚಣಿ: ನನ್ನ ಮಿತ ಇವೆಲ್ಲದರ ಮೇಲೆ ನಿಂತಿದೆ. ಅದನ್ನು ನನ್ನ ಗುಣವೆಂದು ಹೇಳಿಕೊಳ್ಳುವುದು ಸ್ವಲ್ಪ ದಪ್ಪ ಚರ್ಮದ ಕೆಲಸ.

ಇನ್ನು ವಿನಯಪಿಟಕದ ಕಥೆ. ಸಾಗತನೆಂಬ ಭಿಕ್ಷು ಅಂಬತಿತ್ಥದಲ್ಲಿ ಒಂದು ನಾಗವನ್ನು ಎದುರಿಸಿದ. ಅದು ಹೊಗೆ ಉಗುಳಿದರೆ ಇವನೂ ಹೊಗೆ, ಅದು ಬೆಂಕಿಯಾದರೆ ಇವನೂ ಬೆಂಕಿ. ಕೊನೆಗೆ ನಾಗ ಸೋತಿತು. ಸುದ್ದಿ ಕೋಸಂಬಿಗೆ ಮುಟ್ಟಿ, ಊರಿನ ಗೃಹಸ್ಥರು ಇಂಥ ಮಹಾತ್ಮನಿಗೆ ಏನು ಕೊಡೋಣ, ಭಿಕ್ಷುಗಳಿಗೆ ಅಪರೂಪವಾದದ್ದು ಯಾವುದು ಎಂದು ವಿಚಾರಿಸಿದರು. ತರಲೆಗೆ ಹೆಸರಾದ ಆರು ಭಿಕ್ಷುಗಳ ಗುಂಪು, ಪಾರಿವಾಳದ ಬಣ್ಣದ ತಿಳಿಮದ್ಯ ಎಂದಿತು. ಊರವರು ಮನೆಮನೆಯಲ್ಲಿ ಅದನ್ನೇ ಸಿದ್ಧಮಾಡಿ, ಸಾಗತ ಭಿಕ್ಷೆಗೆ ಬಂದಾಗ ಕುಡಿಯಬೇಕೆಂದು ಬೇಡಿಕೊಂಡರು. ಅವನು ಒಂದೊಂದು ಮನೆಯಲ್ಲೂ ಕುಡಿಯುತ್ತಾ ಬಂದು ಊರಬಾಗಿಲಲ್ಲಿ ಬಿದ್ದ. ಬುದ್ಧ ಅವನನ್ನು ಎತ್ತಿಸಿಕೊಂಡು ಬಂದ. ತಲೆ ಬುದ್ಧನ ಕಡೆ ಇರುವಂತೆ ಮಲಗಿಸಿದರೆ, ಅವನು ಹೊರಳಿ ಕಾಲು ಚಾಚಿದ. ಬುದ್ಧ ಉಳಿದವರನ್ನು ಕೇಳಿದ: ಇವನು ಮೊದಲು ನನ್ನಲ್ಲಿ ಗೌರವವಿಟ್ಟಿದ್ದನಲ್ಲವೇ? ಈಗ ಇದೆಯೇ? ನಾಗದೊಡನೆ ಕಾದಾಡಿದವನಲ್ಲವೇ? ಈಗ ಒಂದು ನೀರೊಳ್ಳೆ ಹಾವಿನ ಜೊತೆಗಾದರೂ ಕಾದಾಡಬಲ್ಲನೇ? ಆಮೇಲೆ ನಿಯಮ ಬಂತು. ಹುಲ್ಲಿನ ಗರಿಯ ತುದಿಯಷ್ಟು ಕುಡಿದರೂ ಅಪರಾಧ.

ಈ ಕಥೆಯನ್ನು ಕುಡಿತದ ಕೆಡುಕಿಗೆ ಉದಾಹರಣೆಯಾಗಿ ಹೇಳುವುದು ರೂಢಿ. ನನಗೆ ಕಾಣುವುದು ಬೇರೆ. ಕೋಸಂಬಿಯ ಯಾವ ಮನೆಯವರೂ ಮಿತಿ ಮೀರಲಿಲ್ಲ. ಪ್ರತಿ ಮನೆ ಕೊಟ್ಟದ್ದು ತನ್ನ ಪಾಲಿನ ಒಂದು ಬಟ್ಟಲು, ಅದೂ ಭಕ್ತಿಯಿಂದ. ಒಬ್ಬೊಬ್ಬರನ್ನೂ ನಿಲ್ಲಿಸಿ ಕೇಳಿದರೆ 'ನಾವು ಕೊಟ್ಟದ್ದು ಸ್ವಲ್ಪ' ಎಂದೇ ಹೇಳುತ್ತಿದ್ದರು, ಮತ್ತು ಅದು ನಿಜ. ಕೂಡುವ ಲೆಕ್ಕ ಆದದ್ದು ಒಂದು ದೇಹದಲ್ಲಿ. ಮಿತ ಎನ್ನುವುದು ಕೊಡುವವರ ಕಣ್ಣಿಗೆ ಬಿಡಿಬಿಡಿಯಾಗಿ ಕಾಣುತ್ತದೆ, ಬೀಳುವವನ ಮೇಲೆ ಮೊತ್ತವಾಗಿ ಬೀಳುತ್ತದೆ. ಇಂಥ ಕಡೆ ಪ್ರಮಾಣದ ನಿಯಮ ಮಾಡಿ ಪ್ರಯೋಜನವಿಲ್ಲ; ಅದಕ್ಕೇ ಬುದ್ಧ ಸೊನ್ನೆಗೆ ಇಳಿಸಿದ. ಹಾಗೆಂದು ಅವನು ಇದನ್ನು ಮಹಾಪಾತಕ ಮಾಡಲಿಲ್ಲ. ಭಿಕ್ಷುಸಂಘದ ನಿಯಮಗಳಲ್ಲಿ ಇದು ಪಾಚಿತ್ತಿಯ, ಇನ್ನೊಬ್ಬ ಭಿಕ್ಷುವಿನ ಮುಂದೆ ಒಪ್ಪಿಕೊಂಡರೆ ಕಳೆಯುವ ದೋಷ. ಅಪರಾಧ ಚಿಕ್ಕದು, ಗೆರೆ ಕಟ್ಟುನಿಟ್ಟು. ಮನುವಿನಲ್ಲಿ ಅಪರಾಧ ಬೆಟ್ಟದಷ್ಟು, ಗೆರೆ ಮಾತ್ರ ಆಳು ನೋಡಿ ಬಾಗುತ್ತದೆ. ಎರಡರಲ್ಲಿ ಮನುಷ್ಯರ ಬಗ್ಗೆ ಕರುಣೆ ಇರುವುದು ಯಾವುದರಲ್ಲಿ ಎಂದು ನನ್ನನ್ನು ಕೇಳಿದರೆ ಯೋಚಿಸಬೇಕಾದ್ದಿಲ್ಲ.

ಹಾಗಾದರೆ ಅಳತೆ ಹಿಡಿಯುವವರು ಯಾರು ಎನ್ನುವುದೇ ಪ್ರಶ್ನೆ. ರಮ್ಮಿನ ಚರಿತ್ರೆ ಇದಕ್ಕೆ ಒಳ್ಳೆಯ ಪಾಠ. ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮರಿಗೆ ಪಡಿಯ ಜೊತೆ ರಮ್ಮನ್ನೂ ಅಳೆದು ಕೊಡುತ್ತಿದ್ದರು. ಕೆಲಸ ಮಾಡುವಷ್ಟು, ತಿರುಗಿ ಬೀಳದಷ್ಟು. ಬ್ರಿಟಿಷ್ ನೌಕಾಪಡೆಯಲ್ಲಿ ದಿನಕ್ಕೆ ಅರ್ಧ ಪೈಂಟ್, ಅಂದರೆ ಕಾಲು ಲೀಟರಿನ ಆಸುಪಾಸು, ನೀಟಾಗಿಯೇ ಸಿಗುತ್ತಿತ್ತು. ನಾವಿಕರು ತೂರಾಡುವುದು ನೋಡಿ ಅಡ್ಮಿರಲ್ ಎಡ್ವರ್ಡ್ ವರ್ನನ್ 1740ರ ಆಗಸ್ಟಿನಲ್ಲಿ ಆಜ್ಞೆ ಹೊರಡಿಸಿದ: ಅರ್ಧ ಪೈಂಟ್ ರಮ್ಮಿಗೆ ಒಂದು ಕ್ವಾರ್ಟ್ ನೀರು ಬೆರೆಸಿ, ಎರಡು ಹೊತ್ತಿಗೆ ಹಂಚಬೇಕು. ಅಚ್ಚುಕಟ್ಟಾಗಿ ಬಾಳುವ ನಾವಿಕರು ತಮ್ಮ ಪಡಿಯಲ್ಲಿ ಉಳಿಸಿ ಸಕ್ಕರೆ, ನಿಂಬೆ ಕೊಂಡು ಸೇರಿಸಿಕೊಳ್ಳಬಹುದು. ರಮ್, ನೀರು, ನಿಂಬೆ, ಸಕ್ಕರೆ! ಕಾಕ್ಸ್ ಹುಟ್ಟುವ ಮೊದಲೇ ಹಡಗಿನ ಅಟ್ಟದ ಮೇಲೆ ಡೈಕಿರಿ ಇತ್ತು, ಐಸೊಂದು ಇರಲಿಲ್ಲ. ಆ ಪಡಿ ಇಳಿಯುತ್ತಾ ಇಳಿಯುತ್ತಾ ಎಂಟನೇ ಒಂದು ಪೈಂಟಿಗೆ, ಸುಮಾರು 71 ಮಿ.ಲೀ.ಗೆ ಬಂದು 1970ರ ಜುಲೈ 31ರಂದು ನಿಂತೇಹೋಯಿತು. ಅಳತೆ ನಿಖರವಾಗಿಯೇ ಇತ್ತು, ಎರಡು ಕಡೆಯಲ್ಲೂ. ನನ್ನ ಸಿಲಿಂಡರಿಗಿಂತ ಏನೂ ಕಡಿಮೆಯಿಲ್ಲ. ಆದರೆ ಕುಡಿಯುವವನ ಕೈಯಲ್ಲಿ ಇರಲಿಲ್ಲ. ಹಾಗೆ ಹೊರಗಿನಿಂದ ಬಂದ ಮಿತವನ್ನು ಯಾರೂ ಸಂಯಮ ಎನ್ನುವುದಿಲ್ಲ.

ಹೊರಗಿನಿಂದ ಬರುವ ಈ ಅಳತೆ ನಮ್ಮ ಮನೆಗೂ ಬಂತು. ಅಣ್ಣ ಕುಡಿಯುತ್ತಿದ್ದ. ಸಾರಾಯಿ ಸೀಸೆಯಲ್ಲಿ ಸಿಗುತ್ತಿದ್ದ ಕಾಲದಲ್ಲಿ ಅವ್ವ ಒಲೆಯ ಇದ್ದಿಲಿನಿಂದ ಸೀಸೆಯ ಮೇಲೆ ಗೆರೆ ಎಳೆಯುತ್ತಿದ್ದಳು. "ಇಲ್ಗಂಟ ಕುಡಿ, ಮಿಕ್ಕಿದ್ದು ನಾಳಿಕ್ಕೆ" ಅಂತ. ಅಣ್ಣ ಗೆರೆ ಅಳಿಸಿ ಕೆಳಗೆ ಹಾಕಿದ ದಿನಗಳಿದ್ದವು, ಗೆರೆಗೆ ಬೆಲೆ ಕೊಟ್ಟ ದಿನಗಳೂ ಇದ್ದವು. ಆಮೇಲೆ ಪಾಕೀಟು ಬಂತು. ಪಾಕೀಟಿಗೆ ಗೆರೆ ಎಳೆಯಲಾಗುವುದಿಲ್ಲ. ಹಲ್ಲಲ್ಲಿ ಮೂಲೆ ಕಚ್ಚಿ ಹರಿದರೆ ಮುಚ್ಚಿಡುವಂತಿಲ್ಲ, ಪೂರ್ತಿ ಮುಗಿಸಲೇಬೇಕು. ಅರ್ಧಕ್ಕೆ ನಿಲ್ಲಿಸುವ ಆಯ್ಕೆಯನ್ನೇ ಆ ಪ್ಲಾಸ್ಟಿಕ್ಕು ಕಿತ್ತುಕೊಂಡಿತು. "ಒಂದೇ ಒಂದು ಪಾಕೀಟು ಕನವ್ವ, ದೇವ್ರಾಣೆ" ಎನ್ನುತ್ತಿದ್ದ ಅಣ್ಣ. ಅತ್ತಿಗೆ ಬೆಳಿಗ್ಗೆ ಎದ್ದು ಹಿತ್ತಿಲಲ್ಲಿ, ಬಣವೆಯ ಸಂದಿಯಲ್ಲಿ, ಖಾಲಿ ಪಾಕೀಟು ಆರಿಸಿ ಎಣಿಸುತ್ತಿದ್ದರು. ಎಣಿಸಿ ಏನೂ ಹೇಳುತ್ತಿರಲಿಲ್ಲ. ಅಷ್ಟು ಹಣಕ್ಕೆ ಏನು ಬರುತ್ತಿತ್ತು ಎಂದು ಲೆಕ್ಕ ಹಾಕಿಕೊಳ್ಳುತ್ತಿದ್ದರಂತೆ. ಕೋಸಂಬಿಯ ಮೊತ್ತವನ್ನು ಕೂಡಿದವರು ಯಾರು ಎಂದು ಕೇಳಿದರೆ, ನನ್ನ ಕಣ್ಣ ಮುಂದೆ ಬರುವುದು ಆ ಹಿತ್ತಿಲು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹೆಂಗಸರು ಹಲವು ಕಡೆ ಅಂಗಡಿ ಮುಂದೆ ಕೂತು ಹೋರಾಡಿದ್ದರು, ಊರಲ್ಲಿ ಅವತ್ತು ಹಬ್ಬ. ಸ್ವಲ್ಪ ಕಾಲದಲ್ಲೇ ಬ್ರಾಂದಿ, ವಿಸ್ಕಿ, ರಮ್ಮು ಕಾಗದದ ಪುಟ್ಟ ಡಬ್ಬಿಯಲ್ಲಿ ಬಂದವು. ನೈಂಟಿ. ಅಣ್ಣ ಅದಕ್ಕೆ ಬದಲಾದ. ಕೆಲವು ವರ್ಷಕ್ಕೆ ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಹೋಗಿಬಿಟ್ಟ. ನಿಷೇಧ ತಪ್ಪಾಗಿತ್ತು ಎಂದು ನಾನು ಹೇಳಲಾರೆ. ಬಡವನ ಕುಡಿತಕ್ಕೆ ಕಾನೂನು, ನಮ್ಮಂಥವರ ಕುಡಿತಕ್ಕೆ 'ಡಿಸಿಪ್ಲಿನ್' ಎನ್ನುವ ಹೊಗಳಿಕೆ, ಈ ಹಂಚಿಕೆ ಮಾತ್ರ ನನಗೆ ಇಳಿಯುವುದಿಲ್ಲ.

ಮತ್ತೆ ಕಾನೂನು ಸಾಲದಾದಾಗ ಏನಾಗುತ್ತದೆಂಬುದೂ ಗೊತ್ತಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಇದ್ದದ್ದು ಮೆಥನಾಲ್. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಮೆಥನಾಲ್ ತಾನಾಗಿ ಅಷ್ಟು ಕೊಲೆಗಡುಕನಲ್ಲ. ನಮ್ಮ ಯಕೃತ್ತಿನ ಕಿಣ್ವ ಅದನ್ನು ಫಾರ್ಮಿಕ್ ಆಮ್ಲವಾಗಿಸಿದಾಗ ಕಣ್ಣಿನ ನರ ಸಾಯುತ್ತದೆ, ಪ್ರಾಣ ಹೋಗುತ್ತದೆ. ಆಸ್ಪತ್ರೆಗೆ ಬೇಗ ಬಂದರೆ ವೈದ್ಯರು ಕೊಡಬಹುದಾದ ಮದ್ದುಗಳಲ್ಲೊಂದು ಎಥನಾಲ್, ಅಂದರೆ ಒಳ್ಳೆಯ ಮದ್ಯ, ಅಳೆದು. ಕಿಣ್ವ ಮೊದಲು ಅದನ್ನು ಹಿಡಿಯುತ್ತದೆ, ಅಷ್ಟರಲ್ಲಿ ಮೆಥನಾಲ್ ದೇಹದಿಂದ ಹೊರಗೆ ಹೋಗಲು ಹೊತ್ತು ಸಿಗುತ್ತದೆ. ಹಿಂದಿನ ಬೆಂಚಿನ ಹುಡುಗರಿಗೆ ಇದು ಕೇಳಿ ಖುಷಿಯೋ ಖುಷಿ. ಅಳೆದವನು ಡಾಕ್ಟರಾದರೆ ಮದ್ದು, ಕಳ್ಳಭಟ್ಟಿಯವನಾದರೆ ಸಾವು ಎಂದು ಮುಗಿಸಿ ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ನಂಜುಂಡನ ಮಾತಿಗೆ ಬರುತ್ತೇನೆ. ಹಾಲಾಹಲ ಒಳಗೆ ಇಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ, ಕೊರಳಲ್ಲಿ ನಿಂತಿತು. ಇದಕ್ಕಿಂತ ಕರಾರುವಾಕ್ಕಾದ ಅಳತೆ ಪುರಾಣದಲ್ಲಿ ಇನ್ನೊಂದಿಲ್ಲ. ನಾವು ಇದನ್ನು ಶಿವನ ಶಕ್ತಿಯೆಂದು ಹಾಡುತ್ತೇವೆ. ಆದರೆ ನಮ್ಮ ಕಡೆ ಕಥೆ ಹೇಳುವವರು ಇನ್ನೊಂದು ವಿವರ ಸೇರಿಸುತ್ತಾರೆ: ಪಾರ್ವತಿ ಗಾಬರಿಯಾಗಿ ಗಂಡನ ಕೊರಳನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ವಿಷ ನಿಂತದ್ದು ಅವಳ ಹಿಡಿತಕ್ಕೆ. ಶಿವರಾತ್ರಿಯ ಜಾಗರಣೆಗೂ ಈ ಕಥೆಯನ್ನೇ ಕಾರಣವಾಗಿ ಹೇಳುತ್ತಾರೆ. ಅವನು ನಿದ್ದೆ ಹೋಗದಂತೆ ಎಲ್ಲರೂ ರಾತ್ರಿಯಿಡೀ ಹಾಡಿ ಕಾದರು ಎಂದು. ಅಂದರೆ ಮಹಾದೇವನಿಗೂ ತನ್ನ ಮಿತವನ್ನು ತಾನೊಬ್ಬನೇ ಹಿಡಿಯಲಾಗಲಿಲ್ಲ. ಹೆಂಡತಿಯ ಕೈ ಬೇಕಾಯಿತು, ಊರಿಗೆ ಊರೇ ಎಚ್ಚರವಿರಬೇಕಾಯಿತು. ಆ ಕೈ ಎಷ್ಟು ನೋಯಿತು ಎಂದು ಯಾವ ಪುರಾಣಿಕರೂ ವಿವರಿಸುವುದಿಲ್ಲ. ಮಿತ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಇಂಥ ಕೈಗಳ ದುಡಿಮೆ ಇದೆ ಎಂದು ನನಗೆ ಅನ್ನಿಸತೊಡಗಿದ್ದು ಅತ್ತಿಗೆಯನ್ನು ಹತ್ತಿರದಿಂದ ಕಂಡ ಮೇಲೆ.

ಅತ್ತಿಗೆ ಕಣ್ಣು ತೋರಿಸಲು ಮೈಸೂರಿಗೆ ಬಂದಾಗ ನಮ್ಮ ಮನೆಯಲ್ಲೇ ಉಳಿಯುತ್ತಾರೆ. ಒಮ್ಮೆ ಹಾಗೆ ಬಂದಿದ್ದಾಗ ಶನಿವಾರದ ನನ್ನ ಲೋಟವನ್ನು ನಾನು ಅವರಿಂದ ಮುಚ್ಚಿಡಲಿಲ್ಲ. ನಿಂಬೆಹಣ್ಣು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಹಿಂಡಿಕೊಟ್ಟರು; ನನ್ನ ಕೈಲಿ ರಸ ಪೂರ್ತಿ ಬರುವುದಿಲ್ಲವಂತೆ. ಸಿಲಿಂಡರನ್ನು ದಿಟ್ಟಿಸಿ ಕೇಳಿದರು, "ಇದ್ರೊಳ್ಗೆ ಎಷ್ಟು ಪಾಕೀಟಾಯ್ತದೆ?" ನಾನು ಲೆಕ್ಕ ಹೇಳಿದೆ. ಚರಕನ ಮಾತನ್ನೂ ಹೇಳಿದೆ, ಸ್ವಲ್ಪ ರಕ್ಷಣೆಗೆ ಇರಲಿ ಅಂತ.

"ಯಾರವ್ನು ಚರಕ? ಬರ್ಯೋಕ್ಮುಂಚೆ ಹೆಂಡ್ರುನ್ನ ಒಂದ್ಮಾತು ಕೇಳಿದ್ನಾ?"

ಸಾಗತನ ಕಥೆಗೆ ಮಾತ್ರ ಅವರು ಟಿವಿ ಆರಿಸಿ ಕೂತರು. ಎಲ್ಲ ಕೇಳಿ, "ಊರೋರು ಅಷ್ಟು ಜನ ಇದ್ರಲ್ಲ, ಅವ್ನು ಆಗ್ಲೇ ಪಕ್ಕದ್ಮನೇಲಿ ಕುಡ್ದವ್ನೆ ಅಂತ ಒಬ್ಳಾದ್ರೂ ಕೂಗಿ ಹೇಳ್ನಿಲ್ವಾ?" ಎಂದರು. ವಿನಯಪಿಟಕದ ವ್ಯಾಖ್ಯಾನಕಾರರಿಗೆ ಹೊಳೆಯದ ಪ್ರಶ್ನೆ.

ಈ ವಾದವೆಲ್ಲ ತತ್ತ್ವದ ಮಟ್ಟದಲ್ಲಿ ಉಳಿಯದೆ ಇಕ್ಕಟ್ಟಾಗುವುದು ಪಿತೃಪಕ್ಷದಲ್ಲಿ. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವಾಗ ಸತ್ತವರಿಗೆ ಇಷ್ಟವಾದದ್ದೆಲ್ಲ ಇಡಬೇಕು: ಕಜ್ಜಾಯ, ವಡೆ, ಬಾಡಿನ ಸಾರು, ಮುದ್ದೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅದೂ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ, ಅವರು ಬಂದು ಉಣ್ಣಲಿ ಎಂದು. ಕ್ಯೂಬಾದಲ್ಲೂ ಹೊಸ ಸೀಸೆ ತೆರೆದರೆ ಮೊದಲ ಹನಿ ನೆಲಕ್ಕೆ, ಸಂತರ ಪಾಲು. ಸತ್ತವರಿಗೆಂದು ಪೀಠದ ಮುಂದೆ ರಮ್ಮು, ಚುಟ್ಟ ಇಡುವವರಿದ್ದಾರೆ. ಗುಲಾಮರಾಗಿ ಬಂದ ಆಫ್ರಿಕದವರು ಉಳಿಸಿಕೊಂಡ ಧರ್ಮವದು. ಕಬ್ಬಿನ ತೋಟದಲ್ಲಿ ಅಳೆದು ಕೊಟ್ಟದ್ದನ್ನು ಅವರು ಅಳೆಯದೆ ತಮ್ಮ ಹಿರಿಯರಿಗೆ ಸುರಿದರು. ಈ ಉದಾರತೆ ನನಗೆ ಅರ್ಥವಾಗುತ್ತದೆ. ಅಣ್ಣನೂ ಕುಡಿಯುವ ಮೊದಲು ಬೆರಳದ್ದಿ ನಾಲ್ಕು ಹನಿ ಚಿಮುಕಿಸುತ್ತಿದ್ದ.

ಆದರೆ ಕುಡಿತದಿಂದಲೇ ಸತ್ತವನ ಎಡೆಗೆ ಏನು ಇಡಬೇಕು? ಇಟ್ಟರೆ ಅವನನ್ನು ಕೊಂದದ್ದನ್ನೇ ಪೂಜೆಯಿಂದ ಬಡಿಸಿದಂತೆ. ಇಡದಿದ್ದರೆ ಅವನು ಹೇಗಿದ್ದನೋ ಹಾಗೆ ಅವನನ್ನು ಮನೆಗೆ ಕರೆಯಲು ನಾವು ಒಪ್ಪಲಿಲ್ಲ ಎಂದಾಯಿತು. ಸತ್ತವನಿಗೆ ಯಕೃತ್ತಿಲ್ಲ, ಇನ್ನೇನು ಹಾಳಾಗುವುದಿದೆ ಎಂದು ನನ್ನೊಳಗಿನ ಮೇಷ್ಟರಮ್ಮ ವಾದಿಸುತ್ತಾಳೆ. ಬಂಧುಗಳ ವಾದ ಸರಳ: ಇಡದಿದ್ದರೆ ಹಿರಿಯರು ಮುನಿಯುತ್ತಾರೆ. ಅತ್ತಿಗೆ ಮೊದಮೊದಲು ಏನೂ ಇಡುತ್ತಿರಲಿಲ್ಲ. ಅಣ್ಣ ಬದುಕಿದ್ದಾಗ ಮುನಿಸಿಗೆ ಹೆದರಿದ್ದು ಸಾಕು ಎನ್ನುತ್ತಿದ್ದರು.

ಈ ಸಲ ನಾನು ಊರಿಗೆ ಹೋಗುವಾಗ ಫೋನು ಮಾಡಿ, "ನಿನ್ ಗಾಜಿನ್ ಕೊಳ್ವೆ ತತ್ತಾ" ಎಂದರು. ನಾನು ಡೈಕಿರಿಯನ್ನೇ ಮಾಡಿಕೊಡಲೇ ಎಂದು ಕೇಳಿದೆ. "ನಿಮ್ಮಣ್ಣಂಗೆ ಹುಳಿ ಆಯ್ತಿರ್ನಿಲ್ಲ" ಎಂದುಬಿಟ್ಟರು. ಎಡೆಯ ಮುಂದೆ ಬಗ್ಗಿ, ಕಣ್ಣು ಕಿರಿದು ಮಾಡಿ, ಆಪರೇಶನ್ ಆದ ಕಣ್ಣಲ್ಲಿ ಗೆರೆ ಹುಡುಕಿ, ತಾವೇ 30 ಮಿ.ಲೀ. ಸುರಿದರು. ಲೋಟ ಎಲೆಯ ಬಲಕ್ಕೆ. ಬಾಗಿಲು ಮುಚ್ಚಿ ತೆಗೆದ ಮೇಲೆ ಎಲ್ಲರಿಗೂ ಎಡೆ ಹಂಚಿ, ಆ ಲೋಟವನ್ನು ಮಾತ್ರ ಎತ್ತಿಕೊಂಡು ಬಚ್ಚಲಿಗೆ ಹೊರಟರು. ಅಣ್ಣನ ಮಗ ಅಡ್ಡ ಬಂದ. ಎಡೆಗೆ ಇಟ್ಟದ್ದನ್ನು ಮನೆಯವರೇ ಮುಗಿಸಬೇಕು, ಚೆಲ್ಲಿದರೆ ದೋಷ. ಅಪ್ಪನ ಪ್ರಸಾದ, ನನಗೆ ಕೊಡು ಎಂದ. ನಮ್ಮ ಪದ್ಧತಿಯ ಪ್ರಕಾರ ಅವನು ಹೇಳಿದ್ದು ಸರಿ. ನನ್ನ ಕಡೆ ತಿರುಗಿ, "ಅತ್ತೆ, ನೀವಾರೂ ಹೇಳಿ" ಎಂದ. ನಾನು ಬಾಯಿ ಬಿಡುವಷ್ಟರಲ್ಲಿ ಅತ್ತಿಗೆ ಲೋಟ ಬಗ್ಗಿಸಿಯಾಗಿತ್ತು.

"ಮುಂದಿನ್ವರ್ಸ ನಾನೇ ತತ್ತೀನಿ ಕನವ್ವ, ನಾನೇ ಎಡೆ ಇಡ್ತೀನಿ" ಎಂದು ಅವನು ರೇಗಿದ.

"ತಾ, ಯಾರ್ ಬ್ಯಾಡಂದ್ರು. ಸುರ್ಯೋಳು ನಾನೇ, ಚೆಲ್ಲೋಳೂ ನಾನೇ."